ಪಂಚಾಯಿತಿ ಗ್ರಂಥಾಲಯದಲ್ಲಿ ಕಥೆಯ ಹೊತ್ತು: ಬಿಟ್ಟಿ ನಡೆಸಿದರೆ ಬೆಲೆ ಇರಲ್ವಾ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಡಿ.ಎಡ್ ಮಾಡಿದ್ದೇನೆ, ಕೆಲಸ ಸಿಗಲಿಲ್ಲ, ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ನಮ್ಮೂರಿನ ಪಂಚಾಯಿತಿ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕಥೆ ಓದಿ ಹೇಳಲು ಶುರು ಮಾಡಿದೆ. ಮೊದಲ ವಾರ ಇಪ್ಪತ್ತೆರಡು ಮಕ್ಕಳು ಬಂದರು. ನಾಲ್ಕನೇ ವಾರಕ್ಕೆ ಮೂರೇ ಮಕ್ಕಳು. ಪೇಪರ್ ಓದಲು ಬರುವ ಹಿರಿಯರು ಗಲಾಟೆ ಅಂತ ಗೊಣಗುತ್ತಾರೆ. ಮೇಲ್ವಿಚಾರಕರು ಒಳ್ಳೆಯವರೇ. ಆದರೆ ಪುಸ್ತಕ ಹರಿದರೆ ತಮ್ಮ ಸಂಬಳದಲ್ಲಿ ಹಿಡಿಯುತ್ತಾರೆ ಅಂತ ಮಕ್ಕಳ ಕಪಾಟಿಗೆ ಬೀಗ ಹಾಕಿರುತ್ತಾರೆ. "ಮೇಲಿನಿಂದ ಆರ್ಡರ್ ತನ್ನಿ" ಅಂತಲೂ ಹೇಳಿದ್ದಾರೆ. ನಮ್ಮ ಅತ್ತೆ, "ಬಿಟ್ಟಿ ಮಾಡಿದರೆ ಯಾರೂ ಬೆಲೆ ಕೊಡಲ್ಲ, ತಿಂಗಳಿಗೆ ಐವತ್ತು ರೂಪಾಯಿ ತಗೋ" ಅಂತಾರೆ. ಟಿವಿ ಇದೆ, ಸಿನಿಮಾ ಹಾಕು ಅಂತ ಇನ್ನು ಕೆಲವರು. ನಿಲ್ಲಿಸಿಬಿಡಲಾ, ಮುಂದುವರಿಸಲಾ? ಏನು ಮಾಡಲಿ ಮೇಡಂ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರಿವೆ. ಆದರೆ ಒಳಗಿರುವ ನೋವು ಒಂದೇ ಅಂತ ನನಗನಿಸಿತು. ಇಪ್ಪತ್ತೆರಡು ಮೂರಾಗಿದ್ದಕ್ಕೆ ತಪ್ಪು ನಿಮ್ಮದೇ ಇರಬಹುದು ಅಂದುಕೊಂಡಿದ್ದೀರಿ. ಅದನ್ನು ಮೊದಲು ತೆಗೆದುಹಾಕಿ. ನಾನು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದ್ದೇನೆ. ಮೊದಲ ವಾರ ತುಂಬಿ, ನಾಲ್ಕನೇ ವಾರ ಖಾಲಿಯಾಗದ ಕಾರ್ಯಕ್ರಮವನ್ನು ನಾನು ನೋಡಿದ್ದು ಬಹಳ ಕಡಿಮೆ. ಮೊದಲ ವಾರ ಬಂದವರಲ್ಲಿ ಅರ್ಧ ಜನ ಏನಿದೆ ನೋಡೋಣ ಅಂತ ಬಂದಿರುತ್ತಾರೆ. ನಾಲ್ಕನೇ ವಾರ ಬಂದ ಮೂವರು ಕಥೆಗೇ ಬಂದವರು. ನಿಮ್ಮ ಕಾರ್ಯಕ್ರಮ ಈಗ ಶುರುವಾಗಿದೆ.

ಬಿಟ್ಟಿ ಅನ್ನುವ ಮಾತಿನಿಂದಲೇ ಹಿಡಿಯೋಣ. ನಿಮ್ಮ ಮನೆ ಕಂದಾಯದ ರಸೀದಿ ಎಲ್ಲಿದೆ ಹುಡುಕಿ. ಮನೆ ತೆರಿಗೆ ಅಂತ ಒಂದು ಸಾಲು ಇರುತ್ತದೆ. ಅದರ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ ಇವುಗಳ ಜೊತೆ ಗ್ರಂಥಾಲಯ ಕರ ಅಂತಲೂ ಒಂದು ಸಾಲು ಇರುತ್ತದೆ. ತೆರಿಗೆ ನೂರು ರೂಪಾಯಿ ಆದರೆ ಅದರ ಮೇಲೆ ಆರು ರೂಪಾಯಿ. ಇದು ಇವತ್ತಿನದಲ್ಲ. 1965ರಲ್ಲಿ, ಇದಿನ್ನೂ ಮೈಸೂರು ರಾಜ್ಯ ಆಗಿದ್ದಾಗಲೇ, ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂತು. ಊರಿನ ಗ್ರಂಥಾಲಯಕ್ಕೆ ಊರಿನ ತೆರಿಗೆಯಲ್ಲೇ ಒಂದು ಪಾಲು ಇರಲಿ ಅನ್ನುವುದು ಆ ಕಾನೂನಿನ ಜೀವ. ಅಂದರೆ ನಿಮ್ಮ ಅತ್ತೆಯವರೂ ವರ್ಷಾ ವರ್ಷ ಈ ಗ್ರಂಥಾಲಯಕ್ಕೆ ದುಡ್ಡು ಕೊಡುತ್ತಲೇ ಇದ್ದಾರೆ. ರಸೀದಿ ಅವರ ಕೈಗೆ ಕೊಟ್ಟು ಆ ಸಾಲು ತೋರಿಸಿ. "ಇದು ನಾವೇ ದುಡ್ಡು ಕೊಟ್ಟಿರೋ ಜಾಗ ಅತ್ತೆ, ಇನ್ನೊಂದು ಸಲ ಯಾಕೆ ತಗೊಳ್ಳಲಿ" ಅನ್ನಿ.

ಐವತ್ತು ರೂಪಾಯಿ ತೆಗೆದುಕೊಂಡರೆ ಆಗುವ ತೊಂದರೆ ಎರಡು. ಸರ್ಕಾರಿ ಕಟ್ಟಡದಲ್ಲಿ ರಸೀದಿ ಇಲ್ಲದೆ ದುಡ್ಡು ಮುಟ್ಟಿದರೆ ಯಾರಾದರೂ ಒಂದು ದೂರು ಬರೆಯುತ್ತಾರೆ. ಅದು ಬಂದು ಬೀಳುವುದು ಪಾಪ ಆ ಮೇಲ್ವಿಚಾರಕರ ತಲೆ ಮೇಲೆ. ಇನ್ನೊಂದು ನನಗೆ ಜಾಸ್ತಿ ನೋವಿನ ವಿಷಯ. ಐವತ್ತು ರೂಪಾಯಿ ಕೊಡಬಲ್ಲ ಮನೆಯಲ್ಲಿ ಹೇಗೋ ನಾಲ್ಕು ಪುಸ್ತಕ ಇರುತ್ತವೆ. ಕೊಡಲಾಗದ ಮನೆಯ ಮಗು "ನನಗೆ ಕಥೆ ಇಷ್ಟ ಇಲ್ಲ" ಅಂತ ಹೇಳಿ ಹೊರಗೇ ಉಳಿಯುತ್ತದೆ. ದುಡ್ಡಿಲ್ಲ ಅಂತ ಯಾವ ಮಗುವೂ ಬಾಯಿಬಿಟ್ಟು ಹೇಳುವುದಿಲ್ಲ. 2020ರ ಮಕ್ಕಳ ದಿನಾಚರಣೆ ಹೊತ್ತಿಗೆ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವವನ್ನು ಉಚಿತ ಮಾಡಿದ್ದು ಈ ಮಕ್ಕಳಿಗಾಗಿಯೇ.

ಆದರೆ ಅತ್ತೆಯವರ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಬಿಡಬೇಡಿ. ಏನಾದರೂ ಕೊಟ್ಟು ಬಂದ ಜಾಗ ನಮ್ಮದು ಅನಿಸುತ್ತದೆ. ದುಡ್ಡಿನ ಬದಲು ಒಂದು ಒಗಟು ಕೇಳಿ. ಪ್ರತಿ ಮಗುವೂ ಮನೆಯಲ್ಲಿ ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ಒಂದು ಒಗಟು ತರಬೇಕು. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು?" ಅಂತ ಒಬ್ಬ ಕೇಳಿದರೆ ಸಾಕು, ಮೂಲೆಯಲ್ಲಿ ಪೇಪರ್ ಹಿಡಿದು ಕೂತ ಅಜ್ಜನೇ "ಮಲ್ಲಿಗೆ" ಅನ್ನುತ್ತಾರೆ. ಗಲಾಟೆ ಅಂದವರನ್ನು ಒಳಗೆ ಕರೆದುಕೊಳ್ಳಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ. ಒಗಟು ಕೇಳಲು ಹೋದಾಗ ಮನೆಯ ದೊಡ್ಡವರಿಗೂ ಗ್ರಂಥಾಲಯದಲ್ಲಿ ಏನೋ ನಡೀತಿದೆ ಅಂತ ಗೊತ್ತಾಗುತ್ತದೆ.

ಇನ್ನು ಆ "ಮೇಲಿನ ಆರ್ಡರ್". ಇಲ್ಲಿ ಒಂದು ಗೊಂದಲವಿದೆ, ಇದು ಬರೀ ನಿಮ್ಮೂರಿನದಲ್ಲ. ಪಂಚಾಯಿತಿ ಗ್ರಂಥಾಲಯಗಳು ಮೊದಲು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೆಳಗಿದ್ದವು. 2019ರಲ್ಲಿ ಅವುಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ಆಮೇಲೆ 'ಅರಿವು ಕೇಂದ್ರ' ಅಂತ ಹೆಸರಾಯಿತು. ಬೋರ್ಡ್ ಬದಲಾದರೂ ಜನ ಇನ್ನೂ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಅರ್ಜಿ ಹಿಡಿದು ಹೋಗುತ್ತಾರೆ, ಅಲ್ಲಿಂದ ವಾಪಸ್ ಬರುತ್ತಾರೆ. ನೀವು ಹಾಸನಕ್ಕೆ ಹೋಗಬೇಕಿಲ್ಲ. ನಿಮ್ಮ ಪಿಡಿಒ ಅವರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಯಾವ ವಾರ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾರು ಇರುತ್ತಾರೆ, ದುಡ್ಡು ತಗೊಳ್ಳುವುದಿಲ್ಲ, ಮೇಲ್ವಿಚಾರಕರ ಒಪ್ಪಿಗೆ ಇದೆ. ಇಷ್ಟು ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ. ಪಂಚಾಯಿತಿ ಸಾಮಾನ್ಯ ಸಭೆಯಲ್ಲಿ ಈ ವಿಷಯ ಇಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿದರೆ ಇನ್ನೂ ಗಟ್ಟಿ. ಪಿಡಿಒ ವರ್ಗ ಆಗಿ ಹೋಗುತ್ತಾರೆ, ನಡಾವಳಿ ಉಳಿಯುತ್ತದೆ.

ಮಕ್ಕಳಿಂದಲೇ ಕೇಳಿಸುವ ದಾರಿಯೂ ಉಂಟು. ಪ್ರತಿ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಹೆಚ್ಚಿನ ಕಡೆ ಅದು ನವೆಂಬರ್ ಆಸುಪಾಸಿನಲ್ಲಿ ಆಗುತ್ತದೆ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹವೂ ಇರುತ್ತದೆ. ನಿಮ್ಮ ಮೂವರಲ್ಲಿ ಒಬ್ಬಳು ಎದ್ದು ನಿಂತು "ನಮ್ಮ ಕಪಾಟಿನ ಬೀಗ ತೆಗೆಸಿ" ಅಂದರೆ ಆ ಮಾತನ್ನು ಬರೆದುಕೊಳ್ಳಲೇಬೇಕಾಗುತ್ತದೆ. ಹೇಳಿಕೊಟ್ಟು ಹೇಳಿಸಬೇಡಿ. ಅವರಿಗೆ ನಿಜವಾಗಿಯೂ ಏನು ಬೇಕು ಅಂತ ಮೊದಲೇ ಕೂತು ಕೇಳಿ, ಅಷ್ಟೇ.

ಬೀಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನ್ನ ಪ್ರಕಾರ ಎಲ್ಲದರ ಬೇರು ಅಲ್ಲಿದೆ. ಮೇಲ್ವಿಚಾರಕರ ಭಯ ಸುಳ್ಳಲ್ಲ. ಗೌರವಧನದ ಮೇಲೆ ಎಷ್ಟೋ ವರ್ಷ ದುಡಿದವರು ಅವರು. ಸ್ಟಾಕ್ ಪರಿಶೀಲನೆಗೆ ಬಂದವರು ರಿಜಿಸ್ಟರಿನ ಮೇಲೆ ಬೆರಳಿಟ್ಟು "ಈ ನಂಬರಿನ ಪುಸ್ತಕ ಎಲ್ಲಿ?" ಅಂದಾಗ ಎದೆ ಹೊಡೆದುಕೊಳ್ಳುತ್ತದೆ. ನಾನೂ ಆ ಕುರ್ಚಿಯಲ್ಲಿ ಕೂತವಳು. ಆದರೆ ಬೀಗ ಹಾಕಿದರೆ ಪುಸ್ತಕ ಉಳಿಯುತ್ತದೆ ಅನ್ನುವುದು ತಪ್ಪು ತಿಳುವಳಿಕೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶಾಖೆಗೆ ಹೋಗಿದ್ದೆ. ಗಾಜಿನ ಬಾಗಿಲಿನ ಬೀರು, ಒಳಗೆ ಮಕ್ಕಳ ಪುಸ್ತಕ. ಬೀಗದ ಕೈ ತುಕ್ಕು ಹಿಡಿದು ತಿರುಗಲಿಲ್ಲ, ಎಣ್ಣೆ ಬಿಟ್ಟು ತೆಗೆಸಿದೆವು. ಮುಂದಿನ ಸಾಲು ಹೊಸದರಂತೆ ಹೊಳೆಯುತ್ತಿತ್ತು. ಒಂದು ಪುಸ್ತಕ ಎಳೆದೆ. ರಟ್ಟು ಮಾತ್ರ ಕೈಗೆ ಬಂತು. ಒಳಗಿನ ಹಾಳೆಗಳ ಜಾಗದಲ್ಲಿ ಮಣ್ಣಿನ ಸುರಂಗ. ಗೋಡೆಯ ಕಡೆಯಿಂದ ಗೆದ್ದಲು ಬಂದು ಹಿಂದಿನ ಸಾಲನ್ನು ಪೂರ್ತಿ ತಿಂದು ಮುಂದಿನದಕ್ಕೆ ಬಂದಿತ್ತು. ಹೊರಗಿನಿಂದ ಯಾರಿಗೂ ಗೊತ್ತಾಗಿರಲಿಲ್ಲ, ಯಾಕೆಂದರೆ ಯಾರೂ ಮುಟ್ಟಿರಲಿಲ್ಲ. ಅದೇ ಶಾಖೆಯಲ್ಲಿ ದೊಡ್ಡವರು ಓದಿ ಓದಿ ಸವೆಸಿದ ಕಾದಂಬರಿಗಳು ಕಿವಿ ಮಡಚಿಕೊಂಡು, ಬೆನ್ನು ಬಿಟ್ಟುಕೊಂಡು, ಆದರೆ ಒಂದು ಹಾಳೆಯೂ ಕಳೆಯದೆ ಇದ್ದವು. ವಾರಕ್ಕೊಮ್ಮೆ ಕೈ ಆಡುವ ಕಪಾಟಿಗೆ ಗೆದ್ದಲು, ಬೂಷ್ಟು ಬೇಗ ಹತ್ತುವುದಿಲ್ಲ. ನನ್ನ ಅನುಭವದಲ್ಲಿ ಮಕ್ಕಳು ಹರಿದ ಪುಸ್ತಕಕ್ಕಿಂತ ತೇವ ಮತ್ತು ಗೆದ್ದಲು ತಿಂದ ಪುಸ್ತಕವೇ ಜಾಸ್ತಿ.

ಹರಿಯುವುದು, ಕಳೆಯುವುದು ಸಹಜ ಅಂತ ಸರ್ಕಾರವೂ ಒಪ್ಪಿದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ, ಮೋಸ ಅಥವಾ ಬೇಜವಾಬ್ದಾರಿ ಇರಬಾರದು ಅಷ್ಟೇ, ಅಂತ ಬರೆದಿದೆ. ಸಾವಿರ ರೂಪಾಯಿ ಮೀರಿದ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಮಾಡಲೇಬೇಕು. ಈ ನಿಯಮ ಕೇಂದ್ರದ ಕಚೇರಿಗಳದ್ದು, ನಿಮ್ಮ ಪಂಚಾಯಿತಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಪಿಡಿಒ ಜೊತೆ ಮಾತಾಡುವಾಗ ಇದನ್ನು ಹೇಳಿ, ಇಂಥದ್ದೇ ಒಂದು ಲೆಕ್ಕ ನಮ್ಮ ನಡಾವಳಿಯಲ್ಲೂ ಬರಲಿ ಅಂತ ಕೇಳಿ. ಗಮನಿಸಿ, ಲೆಕ್ಕ ಹಿಡಿಯುವುದು ಓದಲು ಕೊಟ್ಟ ಪುಸ್ತಕದ ಮೇಲೆ. ಕೊಟ್ಟಿದ್ದನ್ನು ರಿಜಿಸ್ಟರಿನಲ್ಲಿ ಬರೆದಷ್ಟೂ ಮೇಲ್ವಿಚಾರಕರಿಗೆ ರಕ್ಷಣೆ. ಬೀಗ ಹಾಕಿಟ್ಟು, ಕೊನೆಗೆ ನೂರು ಪುಸ್ತಕ ಗೆದ್ದಲು ತಿಂದವು ಅಂದರೆ ಅದಕ್ಕೆ ಉತ್ತರ ಕೊಡುವುದೇ ಕಷ್ಟ.

ಆ ಭಯ ಕಳೆಯಲು ಒಂದು ಕಾರ್ಯಕ್ರಮವನ್ನೇ ಮಾಡಿಬಿಡಿ. ನಾವು ಅದಕ್ಕೆ 'ಪುಸ್ತಕದ ಆಸ್ಪತ್ರೆ' ಅಂತಿದ್ದೆವು. ತಿಂಗಳಿಗೊಂದು ದಿನ. ಮನೆಯಲ್ಲಿ ಎರಡು ಚಮಚ ಮೈದಾ ಹಿಟ್ಟನ್ನು ಒಂದು ಲೋಟ ತಣ್ಣೀರಿಗೆ ಹಾಕಿ, ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಬರುವ ತನಕ ತಿರುವಿ. ಆರಿಸಿ ಡಬ್ಬಿಯಲ್ಲಿ ತನ್ನಿ. ಹರಿದ ಅಂಚಿಗೆ ಬೆರಳಿನಿಂದ ತೆಳ್ಳಗೆ ಸವರಿ, ತೆಳು ಬಿಳಿ ಕಾಗದದ ಪಟ್ಟಿ ಕೂರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ರಾತ್ರಿಯಿಡೀ ಭಾರ ಹೇರಿ ಬಿಡಬೇಕು. ಸೆಲ್ಲೋಟೇಪ್ ಬೇಡ, ಕೆಲವೇ ವರ್ಷದಲ್ಲಿ ಹಳದಿಯಾಗಿ ಅಂಟು ಬಿಟ್ಟು ಅಕ್ಷರವನ್ನೇ ಕೆಡಿಸುತ್ತದೆ. ಬೈಂಡಿಂಗ್ ಮಾಡುವವರು ಹುಳ ಬರದಿರಲಿ ಅಂತ ಈ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಕೈಗೆ ಕೊಡುವ ಅಂಟಿಗೆ ಖಂಡಿತ ಹಾಕಬೇಡಿ. ನಿಮಗೆ ಸೂಜಿದಾರ ಗೊತ್ತಿದೆ. ಬೆನ್ನು ಬಿಟ್ಟ ಪುಸ್ತಕ ಹೊಲಿಯುವುದು ನಿಮಗೆ ಎಡಗೈ ಕೆಲಸ. ಒಂದು ಹಾಳೆ ಅಂಟಿಸಿದ ಮಗು ಆಮೇಲೆ ಪುಸ್ತಕ ಹಿಡಿಯುವ ರೀತಿಯೇ ಬೇರೆ. ಪಕ್ಕದವನು ಹಾಳೆ ಎಳೆದರೆ "ಏಯ್, ಮೆಲ್ಲಗೆ" ಅಂತ ಅದೇ ಹೇಳುತ್ತದೆ.

ಮಕ್ಕಳ ಸಂಖ್ಯೆ ಇಳಿದಿದ್ದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಭಾನುವಾರ ಬೆಳಿಗ್ಗೆ. ಆ ಹೊತ್ತಿಗೆ ಹೆಣ್ಣುಮಕ್ಕಳಿಗೆ ಮನೆ ಕೆಲಸ. ತಲೆ ಸ್ನಾನ, ಬಟ್ಟೆ ಒಗೆಯುವುದು, ತಮ್ಮನನ್ನು ನೋಡಿಕೊಳ್ಳುವುದು. ಪಕ್ಕದ ಹಳ್ಳಿಯ ಮಕ್ಕಳಂತೂ ಭಾನುವಾರ ನಿಮ್ಮೂರಿಗೆ ಬರುವುದೇ ಇಲ್ಲ. ಶನಿವಾರ ನೋಡಿ, ಬೆಳಗಿನ ಶಾಲೆ. ಮಧ್ಯಾಹ್ನದ ಹೊತ್ತಿಗೆ ಬಿಟ್ಟುಬಿಡುತ್ತಾರೆ. ಆಸುಪಾಸಿನ ಹಳ್ಳಿಯ ಮಕ್ಕಳೂ ಆಗ ನಿಮ್ಮೂರಿನಲ್ಲೇ ಇರುತ್ತಾರೆ, ಬ್ಯಾಗ್ ಬೆನ್ನ ಮೇಲೇ ಇರುತ್ತದೆ. ಶಾಲೆಯ ಮುಖ್ಯ ಶಿಕ್ಷಕರ ಜೊತೆ ಒಂದು ಮಾತಾಡಿ, ಶಾಲೆ ಬಿಟ್ಟ ತಕ್ಷಣ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಪೇಪರ್ ಓದುವವರು ಊಟಕ್ಕೆ ಎದ್ದಿರುತ್ತಾರೆ, ಗಲಾಟೆಯ ತಕರಾರೂ ಅರ್ಧ ಕಮ್ಮಿಯಾಗುತ್ತದೆ. ಇದರ ಕಷ್ಟ ಏನೆಂದರೆ ಮಕ್ಕಳಿಗೆ ಹಸಿವಾಗಿರುತ್ತದೆ, ದೂರದವರಿಗೆ ಬಸ್ಸಿನ ಚಿಂತೆ ಇರುತ್ತದೆ. ಬಸ್ಸಿನ ಹೊತ್ತು ವಿಚಾರಿಸಿಯೇ ಸಮಯ ಇಡಿ. ಒಂದು ಸಲ ಇಟ್ಟ ಮೇಲೆ ಬದಲಾಯಿಸಬೇಡಿ. ನಿಮಗೆ ಜ್ವರ ಬಂದ ದಿನವೂ ಬಾಗಿಲು ತೆರೆದಿರಬೇಕು. ಅದಕ್ಕೆ ಇನ್ನೊಬ್ಬರನ್ನು ಈಗಲೇ ತಯಾರು ಮಾಡಿ, ಪಿಯುಸಿ ಓದುವ ಹುಡುಗಿಯಾದರೂ ಆದೀತು. ಒಬ್ಬರೇ ಹೊತ್ತ ಕಾರ್ಯಕ್ರಮ ಅವರ ಮನೆಯ ಮದುವೆಗೋ ಬಾಣಂತನಕ್ಕೋ ನಿಂತುಹೋಗುವುದನ್ನು ತುಂಬಾ ಸಲ ನೋಡಿದ್ದೇನೆ.

ಗ್ರಂಥಾಲಯ ಅಂದರೆ ಮೌನ ಅನ್ನುವುದು ಓದುವ ಕೋಣೆಯ ಮಾತು, ಇಡೀ ಗ್ರಂಥಾಲಯದ್ದಲ್ಲ. ನಮ್ಮ ದೇಶದ ಗ್ರಂಥಾಲಯ ಚಳವಳಿಗೆ ದಾರಿ ಹಾಕಿದ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು, 1972ರಲ್ಲಿ ಅಲ್ಲೇ ತೀರಿಕೊಂಡರು. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಸಲಿಕ್ಕೆ ಅಂತ. ಕೊನೆಯದು, ಗ್ರಂಥಾಲಯ ಬೆಳೆಯುವ ಜೀವಿ ಅಂತ. ಹಾಗಂತ ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಎಷ್ಟೋ ಜನಕ್ಕೆ ಮನೆಯಲ್ಲಿ ಸಿಗದ ಒಂದು ಗಂಟೆ ನೆಮ್ಮದಿ ಅಲ್ಲಿ ಸಿಗುತ್ತದೆ. ಕಥೆಯನ್ನು ಜಗಲಿಯಲ್ಲಿ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಒಳಗೆ. "ಶನಿವಾರ ಈ ಮುಕ್ಕಾಲು ಗಂಟೆ ಮಕ್ಕಳದ್ದು" ಅಂತ ಬಾಗಿಲಲ್ಲಿ ಬರೆದು ಅಂಟಿಸಿ.

ಸಿನಿಮಾ ಬೇಡ. ಜನ ಸೇರುತ್ತಾರೆ ನಿಜ, ಆದರೆ ಪುಸ್ತಕದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕಾನೂನಿನ ತೊಡಕೂ ಇದೆ. ಟಿವಿಯಲ್ಲೋ ಮೊಬೈಲಿನಲ್ಲೋ ಇರುವ ಚಿತ್ರವನ್ನು ಸಾರ್ವಜನಿಕ ಜಾಗದಲ್ಲಿ ತೋರಿಸಲು ಹಕ್ಕುದಾರರ ಅನುಮತಿ ಬೇಕು, ಟಿಕೆಟ್ ಇಲ್ಲದಿದ್ದರೂ ಬೇಕು. ಪುಸ್ತಕದ ಭಾಗವನ್ನು ಹತ್ತು ಜನರ ಮುಂದೆ ಓದುವುದಕ್ಕೆ ಮಾತ್ರ 1957ರ ಕೃತಿಸ್ವಾಮ್ಯ ಕಾನೂನು ಅಡ್ಡ ಬರುವುದಿಲ್ಲ. ಹವ್ಯಾಸಿ ಸಂಘದವರು ದುಡ್ಡು ತೆಗೆದುಕೊಳ್ಳದೆ ನಾಟಕ ಆಡುವುದಕ್ಕೂ ಅದರಲ್ಲಿ ಅವಕಾಶವಿದೆ. ಪುಸ್ತಕ ಕಮ್ಮಿ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ನೋಡಿ. ಕನ್ನಡದ ಚಿತ್ರಕಥೆಗಳು ಹಂತ ಹಂತವಾಗಿ ಜೋಡಿಸಿ ಸಿಗುತ್ತವೆ. ಇಳಿಸಿಕೊಂಡು ಪ್ರಿಂಟ್ ತೆಗೆದು ಓದಬಹುದು, ದುಡ್ಡಿಲ್ಲ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹೇಳಬೇಕು ಅಷ್ಟೇ.

ನೀವು ಕೇಳದಿದ್ದರೂ ಒಂದೆರಡು ಮಾತು. ಕಾರ್ಯಕ್ರಮ ಸ್ವಲ್ಪ ಕೈ ಹತ್ತಿತು ಅಂದರೆ ಶಾಮಿಯಾನ, ಬ್ಯಾನರ್, ಶಾಲು ಹಿಡಿದು ಜನ ಬರುತ್ತಾರೆ. ಒಂದು ಸಲ ವೇದಿಕೆ ಹಾಕಿದರೆ ಮುಕ್ಕಾಲು ಗಂಟೆ ಭಾಷಣಕ್ಕೇ ಹೋಗುತ್ತದೆ. ಪಂಚಾಯಿತಿ ಚುನಾವಣೆ ಹತ್ತಿರ ಇದ್ದರಂತೂ ಯಾರ ಬ್ಯಾನರೂ ಬೇಡ. ಸಹಾಯ ಮಾಡುತ್ತೇವೆ ಅಂದವರಿಗೆ ಎರಡು ಚಾಪೆ ಕೊಡಿಸಿ ಅನ್ನಿ. ಕೆಲಸದ ಪರೀಕ್ಷೆಗೆ ಓದುವ ಹುಡುಗರು ಜಾಗ ಕೇಳುತ್ತಾರೆ. ಅವರಿಗೂ ಹಕ್ಕಿದೆ, ಬೇರೆ ಹೊತ್ತು ಗೊತ್ತು ಮಾಡಿ. ಹೊತ್ತು ಗೊತ್ತು ಮಾಡದಿದ್ದರೆ ಎರಡೇ ತಿಂಗಳಲ್ಲಿ ಮಕ್ಕಳ ಮೂಲೆ ಗೈಡ್ ಪುಸ್ತಕದಿಂದ ತುಂಬಿಹೋಗುತ್ತದೆ. ಮಕ್ಕಳ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ಮುಂಚೆ ತಂದೆ ತಾಯಿಯನ್ನು ಕೇಳಿ. ಯಾವಾಗಲೂ ಇಬ್ಬರು ದೊಡ್ಡವರು ಇರಿ.

ಇನ್ನೊಂದನ್ನು ನೀವೇ ನೋಡಬೇಕು. ಮೊದಲ ವಾರದ ಇಪ್ಪತ್ತೆರಡು ಹೆಸರು ಬರೆದಿಟ್ಟಿದ್ದರೆ ತೆಗೆದು ನೋಡಿ. ಊರಿನ ಯಾವ ಕೇರಿಯಿಂದ ಒಂದು ಮಗುವೂ ಬಂದಿಲ್ಲ? ಕಟ್ಟಡ ದೇವಸ್ಥಾನದ ಪಕ್ಕದಲ್ಲಿದ್ದರೆ, ಅಥವಾ ಒಂದು ಕೇರಿಯ ನಡುವೆ ಇದ್ದರೆ, ಕೆಲವು ಮಕ್ಕಳು ಆ ದಾರಿಯಲ್ಲಿ ಬರಲು ಹಿಂಜರಿಯುತ್ತಾರೆ. ಬೋರ್ಡಿನಲ್ಲಿ ಎಲ್ಲರಿಗೂ ಸ್ವಾಗತ ಅಂತ ಬರೆದರೆ ಅದು ಹೋಗುವುದಿಲ್ಲ. ಒಂದು ಸಂಜೆ ಆರು ಪುಸ್ತಕ ಚೀಲಕ್ಕೆ ಹಾಕಿಕೊಂಡು ಆ ಕೇರಿಗೇ ಹೋಗಿ, ಒಂದು ಮನೆಯ ಮುಂದೆ ಕೂತು ಓದಿ. ಅಮ್ಮಂದಿರ ಜೊತೆ ಮಾತಾಡಿ. ಗ್ರಂಥಾಲಯದಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ ಅನ್ನುವುದು ಅವರ ಕಣ್ಣಿಗೆ ಕಾಣಬೇಕು. ಇದಕ್ಕೆ ಯಾರಾದರೂ ಮುಖ ಸಿಂಡರಿಸಬಹುದು. ಆಗ ಆ ನಡಾವಳಿಯ ಪ್ರತಿ ನಿಮ್ಮ ಕೈಯಲ್ಲಿರಲಿ.

ತಂದೆ ತಾಯಿ "ಇದರಿಂದ ಮಾರ್ಕ್ಸ್ ಬರುತ್ತಾ?" ಅಂದರೆ ಬರುತ್ತೆ ಅಂತ ಮಾತು ಕೊಡಬೇಡಿ. ಐದನೇ ಕ್ಲಾಸಿನ ಮಗು ಎರಡನೇ ಕ್ಲಾಸಿನ ಪಾಠವನ್ನು ಅಕ್ಷರ ಅಕ್ಷರ ಕೂಡಿಸಿ ಓದುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಂಥ ಮಗುವಿಗೆ ಲೆಕ್ಕದ ಪುಸ್ತಕದಲ್ಲಿ ಪ್ರಶ್ನೆಯೇ ಅರ್ಥವಾಗುವುದಿಲ್ಲ. ತಡವರಿಸದೆ ಓದಲು ಬರಬೇಕಾದರೆ ಓದುತ್ತಲೇ ಇರಬೇಕು, ಇಷ್ಟಪಟ್ಟು ಓದುವಂಥದ್ದು ಸಿಗಬೇಕು. ಅಷ್ಟನ್ನು ಧೈರ್ಯವಾಗಿ ಹೇಳಿ.

ಈಗ ಆ ಮೂವರ ವಿಷಯ. ಕಥೆಯನ್ನು ಇಪ್ಪತ್ತು ನಿಮಿಷಕ್ಕೆ ಮುಗಿಸಿ. ಉಳಿದ ಹೊತ್ತು ಕಪಾಟಿನ ಮುಂದೆ. ನೀವು ಹೇಳಿದ ಕಥೆಯ ಪುಸ್ತಕ ಅಲ್ಲೇ ಇರಲಿ, ಅದರ ಅಕ್ಕಪಕ್ಕ ಅಂಥವೇ ಇನ್ನು ನಾಲ್ಕೈದು ಇರಲಿ. ಮಗು ತಾನೇ ಎಳೆದು, ತಿರುವಿ, ವಾಪಸ್ ಇಟ್ಟು, ಇನ್ನೊಂದು ತೆಗೆಯಲಿ. ಕಥೆ ಕೇಳಿ ಬರಿಗೈಯಲ್ಲಿ ಮನೆಗೆ ಹೋದರೆ ಅದು ಅಲ್ಲಿಗೆ ಮುಗಿಯಿತು. ಪುಸ್ತಕ ಹಿಡಿದು ಹೋದ ಮಗು ಅದನ್ನು ವಾಪಸ್ ಕೊಡಲಿಕ್ಕಾದರೂ ಬರುತ್ತದೆ, ಬರುವಾಗ ತಂಗಿಯನ್ನೋ ಪಕ್ಕದ ಮನೆಯವನನ್ನೋ ಕರೆತರುತ್ತದೆ. ಎಷ್ಟು ತಲೆ ಬಂದವು ಅಂತ ಎಣಿಸುವುದನ್ನು ಬಿಟ್ಟು, ಎಷ್ಟು ಪುಸ್ತಕ ಮನೆಗೆ ಹೋದವು ಅಂತ ಎಣಿಸಿ. ಆರು ತಿಂಗಳು ಹೀಗೆ ನಡೆಸಿ ನೋಡಿ. ಆಮೇಲೂ ರಿಜಿಸ್ಟರ್ ಅಲುಗಾಡದಿದ್ದರೆ ನಿಲ್ಲಿಸುವ ಬಗ್ಗೆ ನನಗೆ ಬರೆಯಿರಿ, ಇಬ್ಬರೂ ಕೂತು ಯೋಚಿಸೋಣ.

ಬರುವ ಶನಿವಾರಕ್ಕೆ ಮೇಲ್ವಿಚಾರಕರನ್ನು ಒಂದೇ ಒಂದು ಕೇಳಿಕೊಳ್ಳಿ. ಇಡೀ ಬೀಗ ಬೇಡ, ಹತ್ತು ಪುಸ್ತಕ ಹೊರಗಿಡಿ, ನಂಬರ್ ಬರೆದು ನಾನೇ ಸಹಿ ಹಾಕುತ್ತೇನೆ ಅನ್ನಿ. ಸಂಜೆ ಎಣಿಸಿ ವಾಪಸ್ ಕೊಡಿ. ಮನೆಗೆ ಹೋದವು ಎಷ್ಟು, ಕೈಯಲ್ಲಿ ಉಳಿದವು ಎಷ್ಟು, ಅವರೆದುರಿಗೇ ಬರೆಯಿರಿ. ನನ್ನ ಜೊತೆ ಕೆಲಸ ಮಾಡಿದವರೊಬ್ಬರು ಹೀಗೆ ಹತ್ತರಿಂದ ಶುರು ಮಾಡಿ, ಮೂರನೇ ತಿಂಗಳಿಗೆ ಕಪಾಟಿನ ಕೀಲಿಯನ್ನು ಮಕ್ಕಳ ಕೈಗೆಟಕುವ ಮೊಳೆಗೆ ನೇತುಹಾಕಿದ್ದರು.